ಹಳದಿ ದಾರದ ಮೀನುಗಳು

ಹಸಿ ನೂಲಿನ ವಾಸನೆ ಬಂದರೆ ಬನಹಟ್ಟಿಯಲ್ಲಿ ಹುಟ್ಟಿದವಳಿಗೆ ಸೀರೆ ನೆನಪಾಗಬೇಕು. ನನಗೆ ಮೀನು ನೆನಪಾಗುತ್ತದೆ. ಕಳೆದ ವಾರ ಅಣ್ಣನ ಮನೆಗೆ ಹೋದಾಗಲೂ ಹಾಗೇ ಆಯಿತು. ಮಗ್ಗದ ಮನೆಯ ಹಿಂದೆ, ಬಣ್ಣದಿಂದ ಆಗಷ್ಟೇ ತೆಗೆದ ನೂಲಿನ ಲಡಿಗಳನ್ನು ಗಳದ ಮೇಲೆ ಒಣಹಾಕಿದ್ದರು. ಒಂದು ಗಳದ ತುಂಬ ಬರೀ ಹಳದಿ. ಒಳಗೆ ಮಗ್ಗಗಳು ಕಿವಿ ಹರಿಯುವಂತೆ ಬಡಿದುಕೊಳ್ಳುತ್ತಿದ್ದವು. ಅತ್ತಿಗೆ ಚಹಾ ಹಿಡಿದು ಕರೆಯುತ್ತಿದ್ದರೂ ಕೇಳಿಸದೆ ನಾನು ಆ ಹಳದಿಯ ಮುಂದೆ ನಿಂತುಬಿಟ್ಟಿದ್ದೆ. ಇವಳಿಗೆ ಮತ್ತೆ ಹೊಳೆಯ ಗಾಳಿ ಬಡಿಯಿತು ಎಂದು ಅಣ್ಣ ನಕ್ಕ. ಗಾಳಿಯೇ ಅದು. ಇಷ್ಟು ವರ್ಷವಾದರೂ ಬಿಟ್ಟಿಲ್ಲ.

ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು ನಿಲ್ಲಿಸಲು ಶುರುಮಾಡಿ ಕೆಲವು ವರ್ಷಗಳಾಗಿದ್ದ ಕಾಲವದು. ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಎಷ್ಟೋ ಊರುಗಳು ಹಿನ್ನೀರಿನೊಳಗೆ ಹೋಗಿದ್ದವು, ಅವವೇ ಹೆಸರಿನ ಹೊಸ ಊರುಗಳು ದಿಬ್ಬದ ಮೇಲೆ ಎದ್ದಿದ್ದವು. ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಮನೆಯಲ್ಲಿ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತ ಕೂತಿದ್ದೆ. ನನಗೆ ಪಾಠ ಹೇಳಿದ್ದ ಹಿರೇಮಠ ಸರ್ ಕರೆಸಿ, ಹಿನ್ನೀರಿನ ಮೀನುಗಳ ಒಂದು ವರ್ಷದ ಅಧ್ಯಯನಕ್ಕೆ ಸಹಾಯಕಿಯಾಗಿ ಬಾ ಎಂದರು. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೂ ಬಾಯಿ ತೊಳೆಯಬೇಕು. ಅವ್ವ ಸುದ್ದಿ ಕೇಳಿ ಕಂಡಿಕೆಯ ರಾಟಿ ನಿಲ್ಲಿಸಿದಳು. "ಮೀನ ಹಿಡ್ಯಾಕ ಎಂ.ಎಸ್ಸಿ. ಬೇಕಾತೇನ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮತ್ತೆ ತಿರುಗಿಸತೊಡಗಿದಳು. ಅದೇ ಒಪ್ಪಿಗೆ ಎಂದುಕೊಂಡು ನಾನು ಚೀಲ ಕಟ್ಟಿದೆ.

ಕೆಲಸವೇನೋ ಹೇಳಲು ಸುಲಭ. ಹಾಗೆ ಮುಳುಗಿದ ಒಂದು ಊರಿನ ಕಲ್ಲುಗೋಡೆಗಳಲ್ಲಿ ಮೀನುಗಳು ಮನೆ ಮಾಡಿಕೊಂಡಿವೆಯೋ, ಇಲ್ಲವೆ ಹಿನ್ನೀರಿನ ತುಂಬ ಅಲೆಯುತ್ತ ಅಲ್ಲಿಗೂ ಒಮ್ಮೆ ಇಣುಕಿ ಹೋಗುತ್ತವೆಯೋ ಎಂದು ತಿಳಿಯಬೇಕಿತ್ತು. ದೂರದ ತಣ್ಣನೆಯ ಕಡಲುಗಳಲ್ಲಿ ಬಂಡೆಯ ಸಂದಿಗಳಲ್ಲಿ ಬಾಳುವ ಮೀನುಗಳ ಬಗ್ಗೆ ಸರ್ ಬಹಳ ಓದಿದ್ದರು. ಕೆಲವು ಒಂದೇ ಬಂಡೆಗೆ ಅಂಟಿಕೊಂಡು ಬಾಳುತ್ತವೆ, ಕೆಲವು ಚಳಿಗೆ ಆಳಕ್ಕಿಳಿದು ಋತು ತಿರುಗಿದ ಮೇಲೆ ಮತ್ತೆ ಅದೇ ಬಂಡೆ ಹುಡುಕಿಕೊಂಡು ಬರುತ್ತವೆ ಎಂದು ತರಗತಿಯಲ್ಲಿ ಹೇಳುವಾಗ ಅವರ ಕಣ್ಣು ಹೊಳೆಯುತ್ತಿತ್ತು. ಸಮುದ್ರವನ್ನೇ ಕಾಣದ ಜಮಖಂಡಿ ಸೀಮೆಯ ಹುಡುಗ ಹುಡುಗಿಯರು ನಾವು, ಆ ಮೀನಿಗಿರುವ ಊರಿನ ಅಭಿಮಾನ ಕೇಳಿ ಮುಸಿಮುಸಿ ನಗುತ್ತಿದ್ದೆವು. ಈಗ ನಮ್ಮ ಕೃಷ್ಣೆಯಲ್ಲೇ ಮನುಷ್ಯರ ಊರೊಂದು ಮುಳುಗಿ ಬಂಡೆಯಾಗಿತ್ತು.

ಈ ಪ್ರಶ್ನೆ ಬರೀ ಓದಿನದ್ದಾಗಿರಲಿಲ್ಲ. ಆ ನೀರಿನ ಮೀನುಗಾರಿಕೆ ಹಿಡಿದಿದ್ದ ಗುತ್ತಿಗೆದಾರನ ದೊಡ್ಡ ಎಳೆಬಲೆಗಳು ಮುಳುಗಿದ ಗೋಡೆಗಳಿಗೆ ಸಿಕ್ಕಿ ಹರಿಯುತ್ತಿದ್ದವು. ಬೇಸಿಗೆಯಲ್ಲಿ ನೀರಿಳಿದಾಗ ಜೆಸಿಬಿ ತಂದು ಕಲ್ಲೆಲ್ಲ ಕಿತ್ತು ನೆಲ ಸಪಾಟು ಮಾಡಲು ಅವನು ಅನುಮತಿ ಕೇಳಿದ್ದ. ಮೀನುಗಳಿಗೆ ಆ ಕಲ್ಲು ಬೇಕೋ ಬೇಡವೋ ತಿಳಿಸಿ ಎಂದು ಮೀನುಗಾರಿಕೆ ಇಲಾಖೆಯ ಕಚೇರಿಯವರು ಸರ್‌ಗೆ ಬರೆದಿದ್ದರು. ಬೇಕು ಎಂದರೆ ಕಲ್ಲು ಉಳಿಯುತ್ತದೆ, ಬೇಡ ಎಂದರೆ ಹೋಗುತ್ತದೆ.

ಆ ಕಲ್ಲುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತದ್ದು ಆ ಊರಿನ ಮಾಳಪ್ಪ ಕಾಕಾನ ಕುರಿದೊಡ್ಡಿ. ಊರ ಕೆಳಗಿನ ತಗ್ಗಿನಲ್ಲಿ, ಮಣ್ಣಿಲ್ಲದೆ ಬರೀ ಕಲ್ಲಿಗೆ ಕಲ್ಲು ಕೂಡಿಸಿ ಅವನ ಅಜ್ಜನ ಕಾಲದಲ್ಲಿ ಕಟ್ಟಿದ್ದ ಎದೆಮಟ್ಟದ ಸುತ್ತುಗೋಡೆ. ಮನೆಗಳನ್ನು ಬಿಡುವಾಗ ಜನ ತೊಲೆ, ಬಾಗಿಲು, ಕಟ್ಟೆಯ ಕಲ್ಲುಗಳನ್ನೆಲ್ಲ ಬಂಡಿಯಲ್ಲಿ ಹೇರಿಕೊಂಡು ಹೋಗಿದ್ದರು. ಮೇಯಿಸಲು ಬಯಲೇ ಉಳಿಯದ ಮೇಲೆ ದೊಡ್ಡಿಯ ಕಲ್ಲು ಒಯ್ದು ಏನು ಮಾಡುವುದೆಂದು ಮಾಳಪ್ಪ ಕಾಕಾ ಅದನ್ನು ಹಾಗೇ ಬಿಟ್ಟಿದ್ದ. ಕುರಿ ಮಾರಿ ಹರಿಗೋಲು, ಬಲೆ ಕೊಂಡಿದ್ದ. ನನಗೆ ನೀರಿನ ಮೇಲೆ ದಾರಿ ತೋರಿಸಲು ಸರ್ ಗೊತ್ತುಮಾಡಿದ್ದು ಅವನನ್ನೇ.

ಅವನದು ಕುರುಬರ ಮನೆತನ. ಮೀನು ಹಿಡಿಯುವುದನ್ನು ಕಲಿತಿದ್ದ, ಆದರೆ ಮೀನುಗಾರನ ಮಾತು ಅವನಿಗೆ ಬಂದಿರಲಿಲ್ಲ. ದೊಡ್ಡಿಯ ಮೇಲೆ ಹರಿಗೋಲು ನಿಲ್ಲಿಸಿ, ಕೆಳಗಿನ ಕಂದು ನೀರು ನೋಡುತ್ತ, ಎರಡು ಒಳಗೆ ಹೋದವು, ಒಂದು ಗೋಡೆಗೆ ಮೈಯುಜ್ಜುತ್ತಿದೆ ಎಂದು ಹೇಳುತ್ತಿದ್ದ. ಬೇಸಿಗೆಯಲ್ಲಿ ಮಂದೆ ಹೊಡೆದುಕೊಂಡು ದೂರ ಹೋದ ಗಂಡಸರು ಮಳೆಗಾಲಕ್ಕೆ ತಿರುಗಿ ಬಂದಾಗ, ಆಗಿನ ಕಾಲದಲ್ಲಿ ಊರಲ್ಲಿ ಯಾರೂ ಕ್ಷೇಮ ಕೇಳುತ್ತಿರಲಿಲ್ಲವಂತೆ. ದೊಡ್ಡಿ ತುಂಬಿತೇ ಎಂದು ಕೇಳುತ್ತಿದ್ದರಂತೆ. ಅದರಲ್ಲೇ ಎಲ್ಲ ಬಂತು ಎಂದ.

ಮೀನಿಗೆ ಗುರುತು ಹಾಕುವ ಉಪಾಯ ನನ್ನದು. ಪರದೇಶದ ಗುರುತುಪಟ್ಟಿ ತರಿಸುವ ಹೊತ್ತಿಗೆ ವರ್ಷವೇ ಮುಗಿದೀತು ಎಂದು ಸರ್ ಕೈಕಟ್ಟಿ ಕೂತಿದ್ದಾಗ, ನಾನು ಅಣ್ಣನ ಹತ್ತಿರ ಪಾಲಿಯೆಸ್ಟರ್ ನೂಲು ಕೇಳಿ ತಂದೆ. ಕೊಳೆಯುವುದಿಲ್ಲ, ಬೇಗ ಬಣ್ಣ ಬಿಡುವುದಿಲ್ಲ. ಬೆನ್ನಿನ ರೆಕ್ಕೆಯ ಬುಡದಲ್ಲಿ ಸೂಜಿ ತೂರಿಸಿ ನೇಕಾರರ ಗಂಟು ಹಾಕಿದರೆ ಬಿಚ್ಚುವ ಮಾತಿಲ್ಲ. ಕಡಿದ ಎಳೆಗೆ ಎಳೆ ಕೂಡಿಸುವ ಆ ಗಂಟನ್ನು ನಾನು ಕಣ್ಣು ಮುಚ್ಚಿ ಹಾಕಬಲ್ಲೆ. ಎಂ.ಎಸ್ಸಿ.ಯಲ್ಲಿ ಕಲಿತದ್ದಕ್ಕಿಂತ ಅವ್ವ ಬೈದು ಕಲಿಸಿದ್ದೇ ಆ ವರ್ಷ ಹೆಚ್ಚು ಉಪಯೋಗಕ್ಕೆ ಬಂತು.

ಆ ಶ್ರಾವಣದಲ್ಲಿ ಬೀಳಗಿಯ ಕಡೆ ಮಳೆಯೇ ಬಿದ್ದಿರಲಿಲ್ಲ. ಆದರೂ ಹೊಳೆ ದಿನದಿನಕ್ಕೆ ಏರುತ್ತಿತ್ತು. ನಮ್ಮ ಸೀಮೆಯ ಪಾಡೇ ಹಾಗೆ, ಮೋಡ ಮಹಾರಾಷ್ಟ್ರದಲ್ಲಿ, ಮಹಾಪೂರ ನಮ್ಮಲ್ಲಿ. ಬಿಸಿಲಲ್ಲಿ ತಲೆ ಸುಡುತ್ತಿದ್ದರೆ ಕಾಲ ಕೆಳಗೆ ಕೆಂಪು ನೀರು ಸದ್ದಿಲ್ಲದೆ ಜಾಲಿಗಿಡಗಳನ್ನು ನುಂಗುತ್ತಿತ್ತು. ನಡುನೀರಿನಲ್ಲಿ ಗುತ್ತಿಗೆದಾರನ ಆಳುಗಳು ಹಿಡಿದುಕೊಟ್ಟ ರೋಹು, ಕಟ್ಲಾಗಳಿಗೆ ನಾನು ಹಸಿರು ದಾರ ಕಟ್ಟಿ ಬಿಟ್ಟೆ. ದೊಡ್ಡಿಯ ಮೀನುಗಳು ಬೇರೆ ಜಾತಿ. ಕೊರಮೀನು, ಒಂದಿಷ್ಟು ಜಿಲೇಬಿ ಮೀನು, ಕಲ್ಲಿನ ಸಂದಿಯಿಂದ ಹೊರಗೇ ಬಾರದ ಹಾವುಮೀನು.

ದೊಡ್ಡಿಯ ಮೀನುಗಳಿಗೆ ಯಾವ ಬಣ್ಣ ಎಂದು ನೂಲಿನ ಚೀಲ ಬಿಚ್ಚಿ ತೋರಿಸಿದಾಗ ಮಾಳಪ್ಪ ಕಾಕಾ ಹಳದಿ ಲಡಿಯ ಮೇಲೆ ಕೈಯಿಟ್ಟ. ಇವುಗಳಿಗೆ ನಾನೇ ಕಟ್ಟುತ್ತೇನೆ ಎಂದ. ನಾನು ಗಂಟು ಕಲಿಸಿದೆ. ಅವನು ಸೂಜಿ ತೂರಿಸುವ ಮೊದಲು ಸೊಂಟದ ಚೀಲದಿಂದ ಚಿಟಿಕೆ ಅರಿಷಿಣ ತೆಗೆದು ದಾರಕ್ಕೂ ಮೀನಿನ ಬೆನ್ನಿಗೂ ಸವರುತ್ತಿದ್ದ. ತುಟಿ ಅಲ್ಲಾಡುತ್ತಿತ್ತು. ಗಾಯ ಕೊಳೆಯದಿರಲೆಂದು ಅರಿಷಿಣ ಹಚ್ಚುತ್ತಿದ್ದಾನೆ ಎಂದು ನನಗೆ ಬಹಳ ಹಿಡಿಸಿತು. ಒಳ್ಳೆಯ ಕೆಲಸ ಮಾಡಿದಿರಿ ಎಂದು ಬಾಯ್ತುಂಬ ಹೊಗಳಿದೆ. ಅವನು ಸಂತೋಷದಿಂದ ತಲೆಯಾಡಿಸಿದ. ಇಬ್ಬರೂ ಒಬ್ಬರನ್ನೊಬ್ಬರು ಪೂರ್ತಿ ಅರ್ಥಮಾಡಿಕೊಂಡೆವು ಎಂಬ ನಂಬಿಕೆಯಲ್ಲಿ ದಡಕ್ಕೆ ಬಂದೆವು.

ದಾರವಿದ್ದ ಮೀನು ಸಿಕ್ಕರೆ ತಂದು ತೋರಿಸಿ ಎಂದು ಬಸ್‌ಸ್ಟ್ಯಾಂಡಿನ ಚಹಾದಂಗಡಿಗಳಲ್ಲಿ, ಮೀನು ಮಾರುವ ಕಟ್ಟೆಗಳಲ್ಲಿ ಹೇಳಿ ಬಂದೆವು. ದಸರೆಯ ಹೊತ್ತಿಗೆ ಹಸಿರು ದಾರ ಬರತೊಡಗಿತು. ಒಂದು ಘಟಪ್ರಭೆಯ ಕಡೆಯಿಂದ ಬಂತು, ಒಂದು ಆಲಮಟ್ಟಿಯ ದಂಡೆಯಿಂದ. ಇನ್ನೊಂದು ಹೊಳೆಯ ಎದುರೇ ಈಜಿ ಹಿಪ್ಪರಗಿ ಬ್ಯಾರೇಜಿನ ಗೇಟಿನ ಕೆಳಗೆ ಸಿಕ್ಕಿತಂತೆ. ಸರ್ ನಕಾಶೆಯ ಮೇಲೆ ಹಸಿರು ಚುಕ್ಕಿ ಇಡುತ್ತ ಮಗುವಿನಂತೆ ಕುಣಿದಾಡಿದರು. ಹಳದಿ ಮಾತ್ರ ಒಂದೂ ಬರಲಿಲ್ಲ.

ದೀಪಾವಳಿ ಹೋಯಿತು. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬಿಕೊಂಡವು. ತಿಂಗಳಿಗೊಮ್ಮೆ ಮನೆಗೆ ಹೋಗುವಾಗ ಮಹಾಲಿಂಗಪುರದಲ್ಲಿ ಬೆಲ್ಲದ ವಾಸನೆ ಬಸ್ಸಿನೊಳಗೆಲ್ಲ ಹೊಕ್ಕು, ನನ್ನ ಮೈಗಂಟಿದ್ದ ಮೀನಿನ ವಾಸನೆಯನ್ನು ಮುಚ್ಚಿ ಉಪಕಾರ ಮಾಡುತ್ತಿತ್ತು. ಹಳದಿ ಬರಲೇ ಇಲ್ಲ. ಬೀಳಗಿಯ ನನ್ನ ಬಾಡಿಗೆ ಕೋಣೆಯಲ್ಲಿ ಕೂತು ತಲೆ ಕೆಡಿಸಿಕೊಂಡೆ. ಗಂಟು ಬಿಚ್ಚಿತೇ? ಗಾಯ ಕೊಳೆತು ಸತ್ತವೇ? ಮಾಳಪ್ಪ ಕಾಕಾನನ್ನು ಕೇಳಿದರೆ ಅವನು ಹುಟ್ಟು ಹಾಕುತ್ತಲೇ ಒಂದೇ ಮಾತು ಹೇಳಿದ. "ಹಳದೀವು ಯಾರೂ ತರಾಂಗಿಲ್ರಿ ಅಕ್ಕಾರ, ಸುಮ್ಮ ಹಾದಿ ಕಾಯಬ್ಯಾಡ್ರಿ." ಅವನು ನನಗೆ ಸಮಾಧಾನ ಹೇಳುತ್ತಿದ್ದಾನೆ ಎಂದುಕೊಂಡೆ. ಪಾಪ, ಒಳ್ಳೆಯ ಮನುಷ್ಯ ಎಂದುಕೊಂಡೆ.

ಯುಗಾದಿ ಮುಗಿದು ನೀರು ಇಳಿಯುತ್ತ ಬಂತು. ದೊಡ್ಡಿಯ ಮೇಲುಗಲ್ಲುಗಳು ಪಾಚಿ ಹೊತ್ತು ಹೊರಗೆ ಕಾಣಿಸಿದವು. ಸರ್ ವರದಿ ಬರೆಯಲು ಕೂತರು. ನಡುನೀರಿನ ಮೀನು ಎಲ್ಲೆಲ್ಲೋ ಸಿಗುತ್ತವೆ, ದೊಡ್ಡಿಯವು ಎಲ್ಲೂ ಸಿಗುವುದಿಲ್ಲ. ದೊಡ್ಡಿಯ ಸುತ್ತಲೇ ಊರಿನವರು ವರ್ಷವಿಡೀ ಬಲೆ ಹಾಕಿದ್ದಾರೆ, ಅಲ್ಲಿದ್ದರೆ ಸಿಗದೆ ಹೋಗುತ್ತಿದ್ದವೇ? ಹಾಗಾದರೆ ಅವು ಅಲ್ಲಿ ನಿಲ್ಲಲಿಲ್ಲ ಎಂದೇ ಬರೆಯಬೇಕು ಎಂದರು. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಕಲ್ಲು ಮೀನಿಗೆ ಬೇಡ ಎಂದಾಗುತ್ತಿತ್ತು. ನಾನು ಅತ್ತುಬಿಟ್ಟೆ. ಅವನ ಕುರಿ ಮೇಯುವ ಬಯಲನ್ನು ನೀರು ಒಯ್ದಿತ್ತು, ಈಗ ದೊಡ್ಡಿಯನ್ನು ನಮ್ಮ ವರದಿ ಒಯ್ಯುವುದರಲ್ಲಿತ್ತು. ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೋಗಿ ಹೇಳಬೇಕು ಅನ್ನಿಸಿತು.

ಹೊಸ ಊರಿನಲ್ಲಿ ಅವರ ಮನೆ ಕಡೆಯ ಸಾಲಿನಲ್ಲಿತ್ತು. ಮಾಳಪ್ಪ ಕಾಕಾ ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದ. ಅವನ ಹೆಂಡತಿ ಲಗಮವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಹೊಸಿಲಲ್ಲೇ ಕೂತು, ದೊಡ್ಡಿಯ ಮೀನುಗಳು ಬಿಟ್ಟುಹೋಗಿವೆ, ಹಾಗಾಗಿ ಕಲ್ಲು ಉಳಿಯುವುದು ಕಷ್ಟ ಎಂದು ಹೇಗೋ ಹೇಳಿ ಮುಗಿಸಿದೆ. ಲಗಮವ್ವನ ಕೈ ನಿಲ್ಲಲಿಲ್ಲ.

"ದೊಡ್ಡ್ಯಾನ ಮೀನ ಎಲ್ಲಿ ಹೋಗ್ತಾವ ಯವ್ವಾ? ಮೊನ್ನಿ ಅಮಾಸಿ ಮುಂದೂ ಒಂದ ಬಲಿಗಿ ಬಂದಿತ್ತ, ಹಳದಿ ದಾರದ್ದ. ಕೈ ಮುಗದ ಬಿಟ್ಟ ಬಂದಾರ."

ಬಿಟ್ಟು ಬಂದರು? ಯಾರು? ಎಲ್ಲರೂ, ಎಂದಳು. ನಮ್ಮವರೂ ಬಿಡುತ್ತಾರೆ, ಓಣಿಯವರೂ ಬಿಡುತ್ತಾರೆ. ಬಾಲ ಹರಿದದ್ದೊಂದಿದೆ, ಅದಂತೂ ಬಲೆ ಹಾಕಿದಾಗಲೆಲ್ಲ ಬರುತ್ತದೆ, ನಾಚಿಕೆಗೆಟ್ಟದ್ದು ಎಂದು ಪ್ರೀತಿಯಿಂದ ಬೈದಳು. ನಾನು ಮಾಳಪ್ಪ ಕಾಕಾನ ಕಡೆ ತಿರುಗಿದೆ. ವರ್ಷವಿಡೀ ನಾನು ದಂಡೆಯಲ್ಲಿ ಕೂತು ಕಾಯ್ದದ್ದೆಲ್ಲ ನೆನಪಾಗಿ ದನಿ ಏರಿತು. ಇದನ್ನು ಯಾಕೆ ಹೇಳಲಿಲ್ಲ ಕಾಕಾ ಎಂದು ಜೋರಾಗಿಯೇ ಕೇಳಿದೆ. ಅವನಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ.

"ದೇವರಿಗಿ ಬಿಟ್ಟಿದ್ದನ್ನ ಹಿಡಕೊಂಡ ಹೆಂಗ ಬರೂದ್ರಿ? ಬೀರಪ್ಪನ ಭಂಡಾರ ಹಚ್ಚುವಾಗ ನೀವೂ ಇದ್ರಿ. ಛಲೋ ಮಾಡಿದ್ರಿ ಕಾಕಾ ಅಂದವರೂ ನೀವ."

ಅಂದಿದ್ದೆ. ಬಾಯ್ತುಂಬ ಅಂದಿದ್ದೆ. ನಾನು ಗಾಯಕ್ಕೆ ಹಚ್ಚಿದ ಅರಿಷಿಣ ಎಂದುಕೊಂಡದ್ದು ಅವರ ಮನೆದೇವರು ಬೀರಪ್ಪನ ಭಂಡಾರ, ಅಂದರೆ ದೇವರ ಅರಿಷಿಣಪುಡಿಯಾಗಿತ್ತು. ಅವರಲ್ಲಿ ಒಂದು ಟಗರನ್ನು ದೇವರ ಹೆಸರಲ್ಲಿ ಗುರುತು ಮಾಡಿ ಭಂಡಾರ ಹಚ್ಚಿ ಬಿಟ್ಟರೆ ಮುಗಿಯಿತು, ಅದನ್ನು ಯಾರೂ ಮಾರುವಂತಿಲ್ಲ, ಕೊಯ್ಯುವಂತಿಲ್ಲ, ಯಾರ ಹೊಲದಲ್ಲಿ ಮೇಯ್ದರೂ ಕೈ ಮುಗಿದು ದಾಟಿಸಬೇಕು. ಮಾಳಪ್ಪ ಕಾಕಾ ಮೀನಿಗೂ ಅದನ್ನೇ ಮಾಡಿದ್ದ. ಕಲ್ಲು ಕೀಳುವ ಸುದ್ದಿ ಅವನ ಕಿವಿಗೂ ಬಿದ್ದಿತ್ತಂತೆ. ದೇವರಿಗೆ ಬಿಟ್ಟ ಜೀವವಿರುವ ದೊಡ್ಡಿಯನ್ನು ಯಾರು ಕೆಡವುತ್ತಾರೆ ಎಂಬುದು ಅವನ ಧೈರ್ಯ. ದೊಡ್ಡಿ ಉಳಿಯಲೆಂದು ಅವನು ಮಾಡಿದ್ದೇ ದೊಡ್ಡಿಗೆ ಕುತ್ತು ತಂದಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ನಾನು ಊರೆಲ್ಲ ಹುಡುಕಿದ್ದೆ, ಅವನು ಅದೇ ಕೂಸಿಗೆ ದೃಷ್ಟಿ ತಾಗದಿರಲೆಂದು ಸೆರಗು ಮುಚ್ಚಿದ್ದ. ನನ್ನ ಸಿಟ್ಟು ಎಲ್ಲಿ ಹೋಯಿತೋ, ನಗು ಬಂತು. ನಗುತ್ತಲೇ ವಿಷಯವನ್ನು ಬಿಡಿಸಿ ಹೇಳಿದೆ. ಮೀನು ಅಲ್ಲೇ ಇವೆ ಎಂಬುದು ಕಣ್ಣಿಗೆ ಕಂಡರೆ ಮಾತ್ರ ಕಲ್ಲು ಉಳಿಯುತ್ತದೆ ಎಂದೆ. ಅವನು ನಗಲಿಲ್ಲ. ಬಲೆ ಕೆಳಗಿಟ್ಟ.

ಮಾರನೆಯ ದಿನ ಜಮಖಂಡಿಗೆ ಓಡಿದೆ. ಸರ್ ಎಲ್ಲ ಕೇಳಿ ಕನ್ನಡಕ ತೆಗೆದು ಒರೆಸಿದರು. "ಮಂದಿ ಹೇಳಿದ್ದ ಬರಿಯಾಕ ಬರೂದಿಲ್ಲ ಸಾವಿತ್ರಿ. ನನಗ ಮೀನ ತೋರಸು," ಎಂದರು. ಜೆಸಿಬಿ ಬರಲು ಹೆಚ್ಚು ದಿನ ಉಳಿದಿರಲಿಲ್ಲ. ಅದೇ ವಾರ ಬರುತ್ತೇನೆ ಎಂದು ಒಪ್ಪಿಕೊಂಡರು. ಇತ್ತ ಮಾಳಪ್ಪ ಕಾಕಾ ಒಂದು ಕರಾರು ಹಾಕಿದ. ನೋಡಲಿ, ಆದರೆ ನೀರಿನಿಂದ ದಡಕ್ಕೆ ಒಯ್ಯುವಂತಿಲ್ಲ.

ಸರ್ ಬಂದ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ದೊಡ್ಡಿಯ ಸುತ್ತ ನೀರು ಸೊಂಟದಷ್ಟಿತ್ತು. ಸರ್ ಪ್ಯಾಂಟು ಮೊಳಕಾಲಿಗೆ ಮಡಚಿ ಹರಿಗೋಲಿನ ಅಂಚು ಬಿಗಿಯಾಗಿ ಹಿಡಿದು ಕೂತಿದ್ದರು. ಈಜು ಬರುತ್ತಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಮಾಳಪ್ಪ ಕಾಕಾ ನೀರಿಗಿಳಿದು ದೊಡ್ಡಿಯ ಬಾಗಿಲಿನ ಕಂಡಿಗೆ ಬಲೆ ಕಟ್ಟಿದ, ಓಣಿಯ ಇಬ್ಬರು ಒಳಗಿನಿಂದ ಕೋಲಾಡಿಸಿ ಮೀನು ಎಬ್ಬಿಸಿದರು. ಮೊದಲ ಸಲ ಎತ್ತಿದಾಗ ನಾಲ್ಕಾರು ಜಿಲೇಬಿ, ದಾರವಿಲ್ಲದವು. ಎರಡನೆಯ ಸಲ ಬರೀ ಪಾಚಿ. ದಂಡೆಯಲ್ಲಿ ಜನ ಸೇರಿದ್ದರು, ಲಗಮವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಸರ್ ನನ್ನ ಮುಖ ನೋಡಲಿಲ್ಲ. ನಾನು ಯಾವ ದೇವರಿಗೆ ಹರಕೆ ಹೊತ್ತೆನೋ, ಈಗ ನೆನಪಿಲ್ಲ, ಬಹುಶಃ ಎಲ್ಲರಿಗೂ.

ಮೂರನೆಯ ಸಲ ಬಲೆ ಭಾರವಾಯಿತು. ಮಾಳಪ್ಪ ಕಾಕಾ ಎರಡೂ ಕೈಯಲ್ಲಿ ನೀರಿನ ಮಟ್ಟಕ್ಕೆ ಎತ್ತಿ ಹಿಡಿದ. ತೋಳುದ್ದದ ಕೊರಮೀನು, ಬಾಲ ಹರಿದದ್ದು. ಬೆನ್ನ ಮೇಲೆ ಬಣ್ಣ ಮಾಸಿ ಕೆನೆಯಂತಾಗಿದ್ದ ಹಳದಿ ಎಳೆ. ಸರ್ ಈಜು ಬರುವುದಿಲ್ಲವೆಂಬುದನ್ನೇ ಮರೆತು ಹರಿಗೋಲು ಓರೆಯಾಗುವಷ್ಟು ಬಾಗಿ, ಬೆರಳಿಂದ ಗಂಟು ಮುಟ್ಟಿ ನೋಡಿದರು. ಗಂಟು ಹಾಕಿದ ಹಾಗೇ ಇತ್ತು. ಅದರ ಹಿಂದೆ ಇನ್ನೊಂದು ಬಂತು, ಆಮೇಲೆ ಮತ್ತೊಂದು. ನನ್ನ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಮಾಳಪ್ಪ ಕಾಕಾ ಬಾಲ ಹರಿದದ್ದನ್ನು ನೀರಿಗೆ ಬಿಡುವ ಮೊದಲು ಹಣೆಗೆ ಮುಟ್ಟಿಸಿಕೊಂಡ. ಸರ್ ಯಾರಿಗೂ ಕಾಣದ ಹಾಗೆ ಕೈ ಮುಗಿದರು. ನನಗೆ ಕಂಡಿತು.

ಅಂದು ಲಗಮವ್ವ ಸರ್‌ಗೂ ನನಗೂ ರೊಟ್ಟಿ, ಶೇಂಗಾದ ಚಟ್ನಿಹಿಂಡಿ ಬಡಿಸಿದಳು. ಸರ್ ವರದಿಯ ವಾಕ್ಯ ವಾಕ್ಯ ಹೊಡೆದುಹಾಕಿ ಮತ್ತೆ ಬರೆದರು. ನಡುನೀರಿನ ಮೀನು ಅಲೆಯುತ್ತದೆ, ಕಲ್ಲಿನ ಮೀನು ಕಲ್ಲಿಗೇ ಬರುತ್ತದೆ, ಒಂದರ ನಡತೆ ನೋಡಿ ಇನ್ನೊಂದರ ಮನೆ ಕೆಡವಬಾರದು. ಇಷ್ಟನ್ನೇ ಅವರು ಹಲವು ಹಾಳೆಗಳಲ್ಲಿ ಹೇಳಿದರು. ಕಚೇರಿಯವರು ಒಪ್ಪಿದರು. ಗುತ್ತಿಗೆದಾರನೂ ಹೆಚ್ಚು ಹಟ ಮಾಡಲಿಲ್ಲ. ದೇವರ ಮೀನಿನ ಸುದ್ದಿ ಅವನ ಆಳುಗಳಿಗೂ ಮುಟ್ಟಿ, ದೊಡ್ಡಿಯ ಹತ್ತಿರ ಜೆಸಿಬಿ ತರಲು ಯಾರೂ ತಯಾರಿರಲಿಲ್ಲ ಎಂದು ಕೇಳಿದೆ. ಹಾಗಾದರೆ ಉಳಿಸಿದ್ದು ನಮ್ಮ ವರದಿಯೋ ಅವನ ಭಂಡಾರವೋ? ಈ ಮಾತಿಗೆ ಸರ್ ಇಂದಿಗೂ ಸಿಟ್ಟಾಗುತ್ತಾರೆ, ಅದಕ್ಕೇ ಭೇಟಿಯಾದಾಗಲೆಲ್ಲ ಕೇಳುತ್ತೇನೆ.

ಕೆಲಸ ಮುಗಿಸಿ ಹೊರಡುವ ಮುನ್ನ ಒಮ್ಮೆ ದೊಡ್ಡಿ ನೋಡಿ ಬರಲು ಹೋದೆ. ಮೇ ತಿಂಗಳ ಉರಿಬಿಸಿಲು. ನೀರು ಹೊಳೆಯ ಪಾತ್ರಕ್ಕೆ ಸರಿದು, ತಗ್ಗಿನ ನೆಲ ಹೆಂಚಿನಂತೆ ಒಡೆದಿತ್ತು. ಮೀನುಗಳೂ ನೀರಿನ ಹಿಂದೆಯೇ ಆಳಕ್ಕೆ ಹೋಗಿದ್ದವು. ಮಾಳಪ್ಪ ಕಾಕಾ ಒಬ್ಬನೇ ನಿಂತು, ಬಿದ್ದ ಕಲ್ಲುಗಳನ್ನು ಎತ್ತಿ ಗೋಡೆಗೆ ಕೂಡಿಸುತ್ತಿದ್ದ. ಮಂದೆ ಬರುವ ಮೊದಲು ಪ್ರತಿ ವರ್ಷ ಮಾಡುತ್ತಿದ್ದ ಕೆಲಸವೇ. ಸಂದಿಗಳನ್ನು ಮಾತ್ರ ಈಗ ಮುಚ್ಚದೆ ಬಿಡುತ್ತಿದ್ದ, ಹಾವುಮೀನಿಗೆ ಬೇಕಂತೆ. ನಾನೂ ನಾಲ್ಕು ಕಲ್ಲು ಎತ್ತಿಕೊಟ್ಟೆ. ಬಾಗಿಲಿನ ಕಂಡಿ ಹಾಗೇ ಬಯಲಾಗಿತ್ತು. ಮೊದಲು ಅದಕ್ಕೆ ಜಾಲಿಮುಳ್ಳು ಎಳೆಯುತ್ತಿದ್ದರಲ್ಲ ಎಂದು ಕೇಳಿದೆ.

"ಕುರಿಗಿ ಬೇಕಿತ್ರಿ ಮುಳ್ಳ," ಎಂದ. "ಇವು ತಾವ ಬರ್ತಾವ."

ಆಮೇಲೆ ನಾನು ಬನಹಟ್ಟಿಗೆ ಬಂದು ಮತ್ತೆ ಕಂಡಿಕೆ ಸುತ್ತಲು ಕೂತೆ. ಕಾಲೇಜಿನ ನೌಕರಿ ಸಿಕ್ಕಿದ್ದು ಆಮೇಲಿನ ಮಾತು. ಶ್ರಾವಣದಲ್ಲಿ ಒಂದು ದಿನ, ಆ ಊರಿನ ಯಾರೋ ಮದುವೆಯ ಸೀರೆ ಒಯ್ಯಲು ನಮ್ಮ ಓಣಿಗೆ ಬಂದವರು, ಮಾಳಪ್ಪ ಹೇಳಿ ಕಳಿಸಿದ್ದಾನೆ ಎಂದು ನಮ್ಮ ಮನೆ ಹುಡುಕಿಕೊಂಡು ಬಂದರು. ನಾನು ನೀರು ಕೊಟ್ಟು, ಏನು ಹೇಳಿದ್ದಾರೆ ಎಂದು ಕೇಳಿದೆ. ಆ ಮನುಷ್ಯನಿಗೆ ತಾನು ಹೊತ್ತು ತಂದ ಮಾತು ಇಷ್ಟೇ, ಇಷ್ಟಕ್ಕಾಗಿ ಇಷ್ಟು ಹುಡುಕಬೇಕಿತ್ತೇ ಎಂದು ಅನ್ನಿಸಿದ್ದಿರಬೇಕು, ಸಂಕೋಚದಿಂದ ಹೇಳಿದರು.

"ದೊಡ್ಡಿ ತುಂಬೇತಿ ಅಂತ ಹೇಳಂದಾನ್ರಿ."